ಡ್ಯಾಕ್ ಚಿಪ್‌ನ ಪರೀಕ್ಷಾ ಬೋರ್ಡ್: ಜೋಡಿಸುವುದು ಹೇಗೆ, ಅಷ್ಟೊಂದು ಎಚ್ಚರ ಏಕೆ

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಯ ಯೋಜನೆಯನ್ನು ಘೋಷಿಸಿತು. ಅಲ್ಲಿಂದೀಚೆಗೆ ಚಿಪ್ ಎಂಬ ಪದ ಮನೆಮಾತಾಗಿದೆ. ಚಿಪ್‌ಗಳ ವಿನ್ಯಾಸದ ಬಗ್ಗೆ, ಕಾರ್ಖಾನೆಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಓದುತ್ತೇವೆ. ಕಾರ್ಖಾನೆಯಿಂದ ಹೊರಬಂದ ಚಿಪ್ ಒಂದು ಮೇಜಿನ ಮೇಲೆ ಪರೀಕ್ಷೆಗೆ ಕೂರುವ ಹಂತದ ಬಗ್ಗೆ ಮಾತ್ರ ಓದಲು ಸಿಗುವುದು ಕಡಿಮೆ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ‘ವ್ಯಾಲಿಡೇಷನ್ ಇಂಜಿನಿಯರ್’ ಎಂಬ ಹುದ್ದೆಗೆ ಸೇರುವ ಹುಡುಗ ಹುಡುಗಿಯರ ಕೆಲಸ ಇದೇ. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಚಿಪ್ ಪರೀಕ್ಷಿಸುವ ಬೋರ್ಡೊಂದು ಕೈಗೆ ಬಂದಾಗ, ಎಲ್ಲಿಂದ ಆರಂಭಿಸಬೇಕು ಎಂದು ತಿಳಿಯದೆ ವಿದ್ಯಾರ್ಥಿಗಳು ಕುಳಿತುಬಿಡುವುದೂ ಉಂಟು.

ಉದಾಹರಣೆಗೆ ಒಂದು ನಿಜವಾದ ಚಿಪ್ಪನ್ನೇ ತೆಗೆದುಕೊಳ್ಳೋಣ. ಅನಲಾಗ್ ಡಿವೈಸಸ್ ಕಂಪನಿ 2010ರಲ್ಲಿ ಹೊರತಂದ ಎಡಿ5791, 20 ಬಿಟ್‌ಗಳ ಡ್ಯಾಕ್, ಅಂದರೆ ಸಂಖ್ಯೆಯನ್ನು ವೋಲ್ಟೇಜ್ ಆಗಿ ಬದಲಿಸುವ ಚಿಪ್. ಅದರ ನಿಖರತೆಯ ಭರವಸೆ ಹತ್ತು ಲಕ್ಷದಲ್ಲಿ ಒಂದು ಪಾಲು. ಇದಕ್ಕಿಂತ ಸುಲಭವಾದ ಚಿಪ್‌ಗಳು ಬೇಕಾದಷ್ಟಿವೆ. ಆದರೆ 12 ಬಿಟ್‌ನ ಚಿಪ್‌ನಲ್ಲಿ ಕಣ್ಣಿಗೇ ಬೀಳದ ತಪ್ಪು ಇಲ್ಲಿ ದೊಡ್ಡದಾಗಿ ಕಾಣುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು ಎಂಬುದು ನನ್ನ ಅನಿಸಿಕೆ.

ಡ್ಯಾಕ್ ಮಾಡುವ ಕೆಲಸ

ಡಿಜಿಟಲ್-ಟು-ಅನಲಾಗ್ ಕನ್ವರ್ಟರ್ ಎಂಬುದರ ಚಿಕ್ಕ ಹೆಸರು ಡ್ಯಾಕ್. ಸಂಖ್ಯೆಯೊಂದನ್ನು ಕೊಟ್ಟರೆ ಅದಕ್ಕೆ ತಕ್ಕ ವೋಲ್ಟೇಜ್ ಕೊಡುವುದು ಅದರ ಕೆಲಸ. ಮೊಬೈಲ್‌ನಲ್ಲಿರುವ ಹಾಡು ಸಂಖ್ಯೆಗಳ ಸಾಲಾಗಿ ಉಳಿದಿರುತ್ತದೆ. ಸ್ಪೀಕರ್ ಅಲುಗಾಡಬೇಕಾದರೆ ಏರಿಳಿಯುವ ವೋಲ್ಟೇಜ್ ಬೇಕು. ನಡುವೆ ಡ್ಯಾಕ್ ಇಲ್ಲದೆ ಹಾಡು ಕೇಳಿಸದು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಕಾಂತಕ್ಷೇತ್ರವನ್ನು ಹಂತಹಂತವಾಗಿ ಬದಲಿಸುವ ಸುರುಳಿಗಳಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನಿಗದಿಪಡಿಸಲು ಎಡಿ5791ನಂತಹ ಅತಿ ನಿಖರವಾದ ಡ್ಯಾಕ್‌ಗಳನ್ನು ಬಳಸುತ್ತಾರೆ.

20 ಬಿಟ್ ಎಂದರೆ 10,48,576 ಬೇರೆ ಬೇರೆ ಸಂಖ್ಯೆಗಳು. ಚಿಪ್‌ನ ವ್ಯಾಪ್ತಿ -10 ವೋಲ್ಟ್‌ನಿಂದ +10 ವೋಲ್ಟ್‌ವರೆಗೆ ಎಂದಿಟ್ಟುಕೊಂಡರೆ, 20 ವೋಲ್ಟ್‌ಗಳನ್ನು ಅಷ್ಟು ಭಾಗ ಮಾಡಿದಾಗ ಒಂದು ಹಂತಕ್ಕೆ ಸಿಗುವುದು ಸುಮಾರು 19 ಮೈಕ್ರೋವೋಲ್ಟ್. ಈ 19ನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬರುವ ಎಲ್ಲ ಎಚ್ಚರಿಕೆಗಳ ಹಿಂದೆ ಇರುವುದು ಇದೇ ಸಂಖ್ಯೆ.

ಒಳಗೆ ಇದು ನಡೆಯುವ ಬಗೆಯನ್ನು ಕಿರಾಣಿ ಅಂಗಡಿಯ ಹಳೆಯ ತಕ್ಕಡಿಯಿಂದ ಅರ್ಥಮಾಡಿಕೊಳ್ಳಬಹುದು. ಅಂಗಡಿಯವನ ಬಳಿ 1 ಗ್ರಾಂ, 2 ಗ್ರಾಂ, 4 ಗ್ರಾಂ ಹೀಗೆ ಪ್ರತಿಯೊಂದೂ ಹಿಂದಿನದರ ಎರಡರಷ್ಟಿರುವ 20 ಬಟ್ಟುಗಳಿವೆ ಎನ್ನಿ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಹೇಳುವುದೇ ಬಿಟ್. ಅತಿ ದೊಡ್ಡ ಬಟ್ಟು 5,24,288 ಗ್ರಾಂ ತೂಗಬೇಕು. ಈಗ ತಟ್ಟೆಯಲ್ಲಿ 5,24,287 ಗ್ರಾಂ ಇದೆ, ಇನ್ನೊಂದು ಗ್ರಾಂ ಹೆಚ್ಚಿಸಬೇಕು. ಅದಕ್ಕಾಗಿ ಚಿಕ್ಕ 19 ಬಟ್ಟುಗಳನ್ನೂ ತೆಗೆದು ದೊಡ್ಡದೊಂದನ್ನು ಇಡಬೇಕಾಗುತ್ತದೆ. ಆ ದೊಡ್ಡ ಬಟ್ಟು ಎರಡೇ ಎರಡು ಗ್ರಾಂ ಕಡಿಮೆಯಿದ್ದರೂ ತೂಕ ಹೆಚ್ಚುವ ಬದಲು ಇಳಿದುಬಿಡುತ್ತದೆ! ಅರ್ಧ ಟನ್ನಿನಲ್ಲಿ ಎರಡು ಗ್ರಾಂ ತಪ್ಪದಂತೆ ಬಟ್ಟು ತಯಾರಿಸುವುದು ಎಷ್ಟು ಕಷ್ಟವೋ, ಚಿಪ್‌ನೊಳಗೆ ಅಷ್ಟು ಸರಿಸಮನಾದ ರೆಸಿಸ್ಟರ್‌ಗಳನ್ನು ಮಾಡುವುದೂ ಅಷ್ಟೇ ಕಷ್ಟ.

ಎಡಿ5791ರ ವಿನ್ಯಾಸಕರು ಹಿಡಿದ ದಾರಿ ಸೊಗಸಾಗಿದೆ. ಮೇಲಿನ ಆರು ಬಿಟ್‌ಗಳಿಗೆ ಒಂದಕ್ಕಿಂತ ಒಂದು ದೊಡ್ಡದಾದ ಬಟ್ಟುಗಳ ಬದಲು 16,384 ಗ್ರಾಂನ 63 ಸಮನಾದ ಬಟ್ಟುಗಳನ್ನು ಇಟ್ಟಂತೆ ಅವರು 63 ಸಮಾನ ಭಾಗಗಳನ್ನು ಮಾಡಿದರು. ಕೆಳಗಿನ 14 ಬಿಟ್‌ಗಳಿಗೆ ಮಾತ್ರ ಅರ್ಧರ್ಧವಾಗುತ್ತಾ ಹೋಗುವ ರೆಸಿಸ್ಟರ್ ಏಣಿ. ವೋಲ್ಟೇಜ್ ಏರುತ್ತಾ ಹೋದಂತೆ ಸಮನಾದ ಬಟ್ಟುಗಳು ಒಂದೊಂದಾಗಿ ಸೇರುತ್ತವೆ. ಎಲ್ಲವನ್ನೂ ಒಮ್ಮೆಲೇ ತೆಗೆದಿಡುವ ಪ್ರಮೇಯವೇ ಇಲ್ಲ.

ಬೋರ್ಡ್ ಏಕೆ ಬೇಕು

ಚಿಪ್‌ನ ಕಾಲುಗಳು ಇಪ್ಪತ್ತು, ಎರಡು ಕಾಲುಗಳ ನಡುವಿನ ಅಂತರ 0.65 ಮಿಲಿಮೀಟರ್. ಕೈಯಲ್ಲಿ ತಂತಿ ಜೋಡಿಸಿ ಪರೀಕ್ಷಿಸುವ ಮಾತೇ ಇಲ್ಲ. ಅದಕ್ಕಾಗಿ ತಯಾರಕರೇ ಒಂದು ಬೋರ್ಡ್ ಮಾಡಿ ಮಾರುತ್ತಾರೆ. ಮಧ್ಯದಲ್ಲಿ ಚಿಪ್, ಸುತ್ತ ಅದಕ್ಕೆ ಬೇಕಾದ ಕೆಪಾಸಿಟರ್‌ಗಳು, ಆಪ್-ಆ್ಯಂಪ್‌ಗಳು (ಎರಡು ವೋಲ್ಟೇಜ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಚಿಪ್‌ಗಳು), ವಿದ್ಯುತ್ ಕೊಡಲು ಸ್ಕ್ರೂ ಕನೆಕ್ಟರ್, ಕಂಪ್ಯೂಟರ್ ಜೊತೆ ಮಾತನಾಡಲು ಒಂದು ಸಾಕೆಟ್. ಇದನ್ನೇ ಇವ್ಯಾಲ್ಯುಯೇಷನ್ ಬೋರ್ಡ್ ಎನ್ನುತ್ತಾರೆ. ಈ ಲೇಖನದಲ್ಲಿ ಪರೀಕ್ಷಾ ಬೋರ್ಡ್ ಎಂದೇ ಕರೆಯುತ್ತೇನೆ.

ಅನುಕೂಲವಷ್ಟೇ ಇದರ ಉದ್ದೇಶವಲ್ಲ. ಯಾವ ತಂತಿ ಎಲ್ಲಿ ಹಾಯಬೇಕು, ಯಾವ ಗ್ರೌಂಡ್ (ವೋಲ್ಟೇಜ್ ಅಳೆಯಲು ಸೊನ್ನೆ ಎಂದಿಟ್ಟುಕೊಳ್ಳುವ ಜಾಗ) ಎಲ್ಲಿ ಸೇರಬೇಕು ಎಂಬುದನ್ನು ಚಿಪ್ಪನ್ನು ಚೆನ್ನಾಗಿ ಬಲ್ಲವರೇ ಯೋಚಿಸಿ ಇಟ್ಟಿರುತ್ತಾರೆ. ಹಾಗಾಗಿ ಅಳತೆಯಲ್ಲಿ ತಪ್ಪು ಕಂಡರೆ ಅದು ಬೋರ್ಡಿನ ತಪ್ಪಲ್ಲ ಎಂಬ ನಂಬಿಕೆಯಿಂದ ಮುಂದುವರಿಯಬಹುದು. ಉಳಿಯುವ ಅನುಮಾನ ಎರಡೇ: ತಪ್ಪು ಚಿಪ್‌ನದೋ, ನಮ್ಮ ಜೋಡಣೆಯದೋ? ಬೋರ್ಡ್ ಜೋಡಿಸುವ ಇಡೀ ಕಲೆ ಇರುವುದು ಎರಡನೆಯ ಅನುಮಾನವನ್ನು ಹಂತಹಂತವಾಗಿ ತೆಗೆದುಹಾಕುವುದರಲ್ಲಿ.

ವಿದ್ಯುತ್ ಕೊಡುವ ಮುಂಚೆ ಮಾಡಬೇಕಾದ ಮೊದಲ ಕೆಲಸ, ಬೋರ್ಡಿನ ಕೈಪಿಡಿಯಲ್ಲಿರುವ ಜಂಪರ್ ಪಟ್ಟಿಯನ್ನು ಹಿಡಿದು ಒಂದೊಂದೇ ಜಂಪರ್ ನೋಡುವುದು. ಎರಡು ಪಿನ್‌ಗಳನ್ನು ಸೇರಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿಯೇ ಜಂಪರ್. ರೆಫರೆನ್ಸ್, ಅಂದರೆ ಚಿಪ್ ಅಳತೆಗೋಲಾಗಿ ಬಳಸುವ ಸ್ಥಿರ ವೋಲ್ಟೇಜ್, ಎಲ್ಲಿಂದ ಬರಬೇಕು, ಔಟ್‌ಪುಟ್ ಯಾವ ದಾರಿಯಲ್ಲಿ ಹೋಗಬೇಕು ಎಂಬುದೆಲ್ಲ ಅದರ ಸ್ಥಾನವನ್ನು ಅವಲಂಬಿಸಿರುತ್ತದೆ. ನಿಮಗಿಂತ ಮುಂಚೆ ಬೋರ್ಡ್ ಬಳಸಿದವರು ಯಾವುದನ್ನು ಎಲ್ಲಿಗೆ ಸರಿಸಿದ್ದಾರೋ ಗೊತ್ತಿರುವುದಿಲ್ಲ. ಬೋರ್ಡ್ ಮುಟ್ಟುವ ಮೊದಲು ಮಣಿಕಟ್ಟಿಗೆ ಗ್ರೌಂಡ್ ಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಮೈಯಲ್ಲಿ ಸೇರಿದ ಸ್ಥಾಯಿ ವಿದ್ಯುತ್ ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಇರಬೇಕು. ಚಿಪ್ ಹಾಳಾಗಲು ಅಷ್ಟೆಲ್ಲ ಬೇಕಿಲ್ಲ.

ವಿದ್ಯುತ್ ಕೊಡುವುದು

ಔಟ್‌ಪುಟ್ -10ರಿಂದ +10 ವೋಲ್ಟ್‌ವರೆಗೆ ಓಡಾಡಬೇಕಾದರೆ ಚಿಪ್‌ಗೆ ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಎರಡೂ ಕಡೆ ಬೇಕು. ಸಾಮಾನ್ಯವಾಗಿ +15 ಮತ್ತು -15 ವೋಲ್ಟ್ ಕೊಡುತ್ತಾರೆ. ಡಿಜಿಟಲ್ ಭಾಗಕ್ಕೆ ಬೇರೆಯೇ ಚಿಕ್ಕ ವೋಲ್ಟೇಜ್.

ಋಣ ವೋಲ್ಟೇಜ್ ಎಂದರೆ ಹೊಸಬರು ಗಾಬರಿಯಾಗುತ್ತಾರೆ. ಪವರ್ ಸಪ್ಲೈಯ ಎರಡು ಚಾನೆಲ್‌ಗಳನ್ನು 15 ವೋಲ್ಟ್‌ಗೆ ಇಟ್ಟು, ಮೊದಲನೆಯದರ ಋಣ ತುದಿಯನ್ನು ಎರಡನೆಯದರ ಧನ ತುದಿಗೆ ಸೇರಿಸಿದರೆ ಆ ಸೇರಿದ ಜಾಗವೇ ಗ್ರೌಂಡ್. ಮೇಲೆ ಉಳಿದ ತುದಿ +15, ಕೆಳಗಿನದು -15. ಈ ನಡುವಿನ ತಂತಿಯನ್ನು ಬೋರ್ಡಿನ ಗ್ರೌಂಡ್‌ಗೆ ತರುವುದನ್ನು ಮರೆತರೆ ಗ್ರೌಂಡ್ ಎಲ್ಲಿದೆ ಎಂಬುದೇ ಬೋರ್ಡಿಗೆ ತಿಳಿಯದು. ಆಗ ಎಲ್ಲ ಅಳತೆಗಳೂ ಅಡ್ಡಾದಿಡ್ಡಿ.

ಸಪ್ಲೈಯಲ್ಲಿ ಕರೆಂಟ್ ಮಿತಿ ಎಂಬ ಗುಂಡಿಯಿರುತ್ತದೆ. ಇಂಥ ಬೋರ್ಡ್ ಬೇಡುವುದು ಕೆಲವು ಹತ್ತು ಮಿಲಿಆಂಪಿಯರ್ ಮಾತ್ರ. ಮಿತಿಯನ್ನು ಅದಕ್ಕಿಂತ ತುಸು ಮೇಲಿಟ್ಟರೆ, ತಂತಿ ತಿರುವುಮುರುವಾಗಿದ್ದರೂ ಸಪ್ಲೈ ತಾನೇ ವೋಲ್ಟೇಜ್ ಇಳಿಸುತ್ತದೆ, ಬಹುಪಾಲು ಸಂದರ್ಭಗಳಲ್ಲಿ ಚಿಪ್ ಉಳಿಯುತ್ತದೆ. ಮಿತಿಯನ್ನು ಮೂರು ಆಂಪಿಯರ್‌ನಲ್ಲೇ ಬಿಟ್ಟಿದ್ದರೆ ಹೊಗೆ ಗ್ಯಾರಂಟಿ. ಇನ್ನು ಯಾವ ವೋಲ್ಟೇಜ್ ಮೊದಲು, ಯಾವುದು ನಂತರ ಎಂಬ ಕ್ರಮವನ್ನು ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನು ಚಾಚೂ ತಪ್ಪದೆ ಪಾಲಿಸಬೇಕು. ಚಿಪ್‌ಗೆ ವಿದ್ಯುತ್ ಬರುವ ಮೊದಲೇ ಅದರ ಕಾಲುಗಳಿಗೆ ಸಂಕೇತ ಬಂದರೆ, ರಕ್ಷಣೆಗಾಗಿ ಇಟ್ಟಿರುವ ಡಯೋಡ್‌ಗಳ ಮೂಲಕ ಕರೆಂಟ್ ಅಡ್ಡದಾರಿಯಲ್ಲಿ ಒಳನುಗ್ಗುತ್ತದೆ.

ರೆಫರೆನ್ಸ್: ಅಳತೆಗೋಲು ಯಾವುದು

ಡ್ಯಾಕ್ ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ. ಹೊರಗಿನಿಂದ ಕೊಟ್ಟ ಸ್ಥಿರ ವೋಲ್ಟೇಜ್ ಒಂದನ್ನು ಸಂಖ್ಯೆಗೆ ತಕ್ಕಂತೆ ಭಾಗಮಾಡಿ ಕೊಡುತ್ತದೆ, ಅಷ್ಟೆ. ಆ ಸ್ಥಿರ ವೋಲ್ಟೇಜಿಗೆ ರೆಫರೆನ್ಸ್ ಎಂದು ಹೆಸರು. ಎಡಿ5791ಗೆ ಇಂಥವು ಎರಡು ಬೇಕು, ಮೇಲಿನ ತುದಿಗೆ +10, ಕೆಳಗಿನ ತುದಿಗೆ -10. ರೆಫರೆನ್ಸ್ ಅಲುಗಿದರೆ ಔಟ್‌ಪುಟ್ ಅಷ್ಟೇ ಅಲುಗುತ್ತದೆ. ಒಂದು ಡಿಗ್ರಿ ಶಾಖಕ್ಕೆ ಹತ್ತು ಲಕ್ಷದಲ್ಲಿ ಮೂರು ಪಾಲು ಬದಲಾಗುವ ರೆಫರೆನ್ಸ್ ಸಾಕಷ್ಟು ಒಳ್ಳೆಯದೆಂದೇ ಲೆಕ್ಕ. ಆದರೂ ಕೋಣೆ ಒಂದು ಡಿಗ್ರಿ ಬಿಸಿಯಾದರೆ 10 ವೋಲ್ಟ್ 30 ಮೈಕ್ರೋವೋಲ್ಟ್‌ನಷ್ಟು ಸರಿಯುತ್ತದೆ. ನಮ್ಮ ಒಂದು ಹಂತ 19 ಮೈಕ್ರೋವೋಲ್ಟ್. ಎಡಿ5791 ಸ್ವತಃ ಸರಿಯುವುದು ಡಿಗ್ರಿಗೆ ಹತ್ತು ಲಕ್ಷದಲ್ಲಿ 0.05 ಪಾಲು ಮಾತ್ರ. ಹಾಗಾಗಿ ಔಟ್‌ಪುಟ್ ಸರಿದಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ರೆಫರೆನ್ಸನ್ನು.

ಬೋರ್ಡಿನಲ್ಲಿ ರೆಫರೆನ್ಸ್‌ನ ಒಂದೊಂದು ತುದಿಗೂ ಎರಡೆರಡು ತಂತಿಗಳು ಹೋಗುವುದನ್ನು ಕಂಡು ಹಲವರು ಅಚ್ಚರಿಪಡುತ್ತಾರೆ. ಕಾರಣ ಹೀಗಿದೆ. ರೆಸಿಸ್ಟರ್ ಏಣಿ ರೆಫರೆನ್ಸ್‌ನಿಂದ ಕೆಲವು ಮಿಲಿಆಂಪಿಯರ್ ಕರೆಂಟ್ ಎಳೆಯುತ್ತದೆ, ಅದೂ ಕೊಟ್ಟ ಸಂಖ್ಯೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಾ. 0.65 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಮೀಟರ್‌ಗೆ ಸುಮಾರು 0.05 ಓಮ್ ಅಡ್ಡಿಯೊಡ್ಡುತ್ತದೆ. ಮೂರು ಮಿಲಿಆಂಪಿಯರ್ ಅದರಲ್ಲಿ ಹರಿದರೆ 150 ಮೈಕ್ರೋವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಅಂದರೆ ಎಂಟು ಹಂತ! ಅದಕ್ಕಾಗಿ ಒಂದು ತಂತಿ ಕರೆಂಟ್ ಒಯ್ಯುತ್ತದೆ. ಇನ್ನೊಂದು, ಕರೆಂಟ್ ಒಯ್ಯದೆ, ಚಿಪ್‌ನ ಬುಡದಲ್ಲಿ ನಿಜವಾಗಿ ಎಷ್ಟು ವೋಲ್ಟೇಜ್ ಇದೆ ಎಂದು ನೋಡಿ ಬರುತ್ತದೆ. ಆಪ್-ಆ್ಯಂಪ್ ಎರಡನ್ನೂ ಹೋಲಿಸಿ ಕೊರತೆಯನ್ನು ತುಂಬುತ್ತದೆ. ಎರಡು ತಂತಿಗಳನ್ನು ದೂರದಲ್ಲೇ ಒಂದುಮಾಡಿ ಒಂದೇ ತಂತಿಯಲ್ಲಿ ತಂದರೆ ಇಷ್ಟೂ ವ್ಯವಸ್ಥೆ ವ್ಯರ್ಥ.

ಚಿಪ್‌ನೊಂದಿಗೆ ಮಾತು

ಸಂಖ್ಯೆ ಚಿಪ್ಪನ್ನು ತಲುಪುವುದು ಎಸ್‌ಪಿಐ ಎಂಬ ಸರಳ ವ್ಯವಸ್ಥೆಯಲ್ಲಿ. ಒಂದು ತಂತಿಯಲ್ಲಿ ಗಡಿಯಾರದ ಮಿಡಿತ, ಇನ್ನೊಂದರಲ್ಲಿ ಬಿಟ್‌ಗಳು, ಮೂರನೆಯದರಲ್ಲಿ ‘ಈಗ ನಿನಗೇ ಹೇಳುತ್ತಿದ್ದೇನೆ’ ಎಂಬ ಸೂಚನೆ. ತಯಾರಕರ ತಂತ್ರಾಂಶ ಬಳಸಿದರೆ ಇದೆಲ್ಲ ಪರದೆಯ ಹಿಂದೆ ನಡೆಯುತ್ತದೆ. ಸ್ವಂತ ಮೈಕ್ರೋಕಂಟ್ರೋಲರ್‌ನಿಂದ ಕಳಿಸುವವರು, ಗಡಿಯಾರ ಮೇಲಿನಿಂದ ಕೆಳಗೆ ಇಳಿಯುವ ಕ್ಷಣದಲ್ಲಿ ಎಡಿ5791 ಬಿಟ್ ಓದುತ್ತದೆ ಎಂಬುದನ್ನು ನೆನಪಿಡಬೇಕು. ಏರುವ ಕ್ಷಣಕ್ಕೆ ಹೊಂದಿಸಿದ್ದರೆ ಚಿಪ್ ತಪ್ಪು ಬಿಟ್‌ಗಳನ್ನು ಓದಬಹುದು.

ಪ್ರತಿ ಸಂದೇಶ 24 ಬಿಟ್ ಉದ್ದ. ಮೊದಲ ಬಿಟ್ ಬರೆಯುವುದೋ ಓದುವುದೋ ಎಂದು ಹೇಳುತ್ತದೆ. ಮುಂದಿನ ಮೂರು ಬಿಟ್ ವಿಳಾಸ. ಉಳಿದ 20 ಬಿಟ್ ವಿಷಯ.

ಎಲ್ಲ ಸರಿಯಾಗಿ ಜೋಡಿಸಿ ಸಂಖ್ಯೆ ಕಳಿಸಿದ ಮೇಲೂ ಔಟ್‌ಪುಟ್ ಶೂನ್ಯದಲ್ಲೇ ಇರುತ್ತದೆ. ಚಿಪ್ ಸತ್ತಿದೆ ಎಂದು ಬೋರ್ಡ್ ವಾಪಸ್ ಕಳಿಸಲು ಹೊರಡುವವರಿದ್ದಾರೆ. ಚಿಪ್ ಸತ್ತಿಲ್ಲ. ವಿದ್ಯುತ್ ಬಂದ ಕೂಡಲೇ ಎಡಿ5791 ತನ್ನ ಔಟ್‌ಪುಟ್ಟನ್ನು ಸುಮಾರು 6 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಕಟ್ಟಿಹಾಕಿಕೊಂಡಿರುತ್ತದೆ. ಯೋಚಿಸಿ ನೋಡಿದರೆ ಇದು ಸರಿಯಾದ ನಡವಳಿಕೆ. ಎಂಆರ್‌ಐ ಯಂತ್ರವೊಂದು ಚಾಲೂ ಆದ ಕ್ಷಣದಲ್ಲೇ ಡ್ಯಾಕ್ ಯಾವುದೋ ಒಂದು ವೋಲ್ಟೇಜ್ ಕೊಟ್ಟರೆ ಸುರುಳಿಯಲ್ಲಿ ಎಷ್ಟು ಕರೆಂಟ್ ಹರಿದೀತು? ‘ಈಗ ಬಿಡು’ ಎಂದು ಯಾರಾದರೂ ಸ್ಪಷ್ಟವಾಗಿ ಹೇಳುವವರೆಗೆ ಅದು ಕಾಯುತ್ತದೆ. ಹಾಗೆ ಹೇಳುವುದು ನಿಯಂತ್ರಣ ರಿಜಿಸ್ಟರ್‌ನ (ಚಿಪ್ ಹೇಗೆ ನಡೆದುಕೊಳ್ಳಬೇಕೆಂದು ಬರೆದಿಡುವ ಒಳಗಿನ ಜಾಗ) ಎರಡು ಬಿಟ್‌ಗಳನ್ನು ಶೂನ್ಯ ಮಾಡುವುದರ ಮೂಲಕ: ಒಂದು ಗ್ರೌಂಡ್‌ಗೆ ಕಟ್ಟಿದ್ದನ್ನು ಬಿಚ್ಚುತ್ತದೆ, ಇನ್ನೊಂದು ಔಟ್‌ಪುಟ್ಟನ್ನು ಚಿಪ್‌ನ ಒಳಭಾಗಕ್ಕೆ ಸೇರಿಸುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಎರಡನೆಯ ಗೊಂದಲ ಇನ್ನೂ ಸೂಕ್ಷ್ಮವಾದದ್ದು. ನಡುವಿನ ಸಂಖ್ಯೆ ಕಳಿಸಿದರೆ 0 ವೋಲ್ಟ್ ಬರಬೇಕೆಂದು ನಾವು ಎಣಿಸುತ್ತೇವೆ. ಬಿಟ್‌ಗಳಲ್ಲಿ ಅದು 1, ಅದರ ಮುಂದೆ 19 ಸೊನ್ನೆ. ಮೀಟರ್ ತೋರಿಸುವುದು -10 ವೋಲ್ಟ್! ಮೂಲ ಸ್ಥಿತಿಯಲ್ಲಿ ಈ ಚಿಪ್ ಸಂಖ್ಯೆಗಳನ್ನು ‘ಎರಡರ ಪೂರಕ’ ಪದ್ಧತಿಯಲ್ಲಿ ಓದುತ್ತದೆ. ಅದರಲ್ಲಿ ಮೊದಲ ಬಿಟ್ 1 ಎಂದರೆ ಋಣ ಸಂಖ್ಯೆ. ಹಾಗಾಗಿ 0 ಎಂಬ ಸಂಖ್ಯೆಗೆ 0 ವೋಲ್ಟ್, ಏರುತ್ತಾ ಹೋದರೆ +10ರವರೆಗೆ, ಅಲ್ಲಿಂದ ಒಂದೇ ನೆಗೆತಕ್ಕೆ -10ಕ್ಕೆ, ಮತ್ತೆ ಏರುತ್ತಾ 0ಗೆ. ನೇರ ದ್ವಿಮಾನ ಪದ್ಧತಿ ಬೇಕಾದರೆ ಅದೇ ನಿಯಂತ್ರಣ ರಿಜಿಸ್ಟರ್‌ನ ಇನ್ನೊಂದು ಬಿಟ್ ಬದಲಿಸಬೇಕು. ಆ ರಿಜಿಸ್ಟರ್‌ನಲ್ಲೇ ರೇಖೀಯತೆಯನ್ನು, ಅಂದರೆ ಸಂಖ್ಯೆ ಏರಿದಂತೆ ವೋಲ್ಟೇಜ್ ನೇರ ಗೆರೆಯಲ್ಲೇ ಏರುವುದನ್ನು, ಸರಿದೂಗಿಸುವ ನಾಲ್ಕು ಬಿಟ್‌ಗಳೂ ಇವೆ. ರೆಫರೆನ್ಸ್‌ಗಳ ನಡುವಿನ ಅಂತರ 10 ವೋಲ್ಟೋ 20 ವೋಲ್ಟೋ ಎಂಬುದಕ್ಕೆ ತಕ್ಕಂತೆ ಅವನ್ನು ತುಂಬದಿದ್ದರೆ ಒಳ್ಳೆಯ ಚಿಪ್ ಕೂಡ ತನ್ನ ನಿಖರತೆಯನ್ನು ತೋರಿಸಲಾರದು.

ಯಾವುದು ಕೆಟ್ಟಿದೆ ಎಂದು ತಿಳಿಯದಿದ್ದಾಗ ಒಂದು ನೇರ ಉಪಾಯವಿದೆ. ಬರೆದ ರಿಜಿಸ್ಟರನ್ನು ತಿರುಗಿ ಓದುವುದು. ಬರೆದದ್ದೇ ವಾಪಸ್ ಬಂದರೆ ಡಿಜಿಟಲ್ ಭಾಗ ಸರಿಯಾಗಿದೆ, ತೊಂದರೆಯನ್ನು ಅನಲಾಗ್ ಕಡೆ ಹುಡುಕಬಹುದು. ಅದೂ ಸರಿಯೆಂದು ಕಂಡರೆ ಎಲ್‌ಡ್ಯಾಕ್ ಎಂಬ ಕಾಲನ್ನು ನೋಡಿ. ಅದು ಮೇಲಿನ ಮಟ್ಟದಲ್ಲೇ ನಿಂತಿದ್ದರೆ ಸಂಖ್ಯೆ ಚಿಪ್‌ನೊಳಗೆ ಬಂದು ಬಾಗಿಲಲ್ಲೇ ಕಾಯುತ್ತಿರುತ್ತದೆ, ಔಟ್‌ಪುಟ್ ಬದಲಾಗುವುದಿಲ್ಲ.

19 ಮೈಕ್ರೋವೋಲ್ಟನ್ನು ಕಾಣುವುದು

ಕೈಯಲ್ಲಿ ಹಿಡಿಯುವ ಸಾಮಾನ್ಯ ಮಲ್ಟಿಮೀಟರ್ 20 ವೋಲ್ಟ್ ವ್ಯಾಪ್ತಿಯಲ್ಲಿ ತೋರಿಸುವ ಅತಿ ಚಿಕ್ಕ ಬದಲಾವಣೆ 10 ಮಿಲಿವೋಲ್ಟ್. ಅದರ ಕೊನೆಯ ಅಂಕಿ ಒಂದು ಸಲ ಬದಲಾಗುವಷ್ಟರಲ್ಲಿ ನಮ್ಮ ಡ್ಯಾಕ್ 524 ಹಂತಗಳನ್ನು ದಾಟಿರುತ್ತದೆ. ಬೋರ್ಡ್ ಜೀವಂತವಾಗಿದೆಯೇ ಎಂದು ನೋಡಲು ಆ ಮೀಟರ್ ಸಾಕು, ಚಿಪ್ಪನ್ನು ತೂಗಲು ಸಾಲದು. ಅದಕ್ಕಾಗಿ ಪ್ರಯೋಗಾಲಯಗಳು ಎಂಟೂವರೆ ಅಂಕಿಯ ಮೀಟರ್ ಇಟ್ಟುಕೊಳ್ಳುತ್ತವೆ. ಎಚ್‌ಪಿ 1989ರಲ್ಲಿ ತಂದ 3458ಎ ಎಂಬ ಮೀಟರ್, ಈಗ ಕೀಸೈಟ್ ಹೆಸರಿನಲ್ಲಿ, ಇಂದಿಗೂ ಈ ಕೆಲಸದ ಹಿರಿಯಣ್ಣ. ಚಾಲೂ ಮಾಡಿದ ಮೇಲೆ ಅದು ಸ್ಥಿರವಾಗಿ ಕಾಯಲು ನಾಲ್ಕು ಗಂಟೆ ಬೇಕು. ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಮೀಟರ್ ಒಳ್ಳೆಯದಾದರೂ ಅದನ್ನು ಎಲ್ಲಿ ತಾಗಿಸುತ್ತೇವೆ ಎಂಬುದು ಮುಖ್ಯ. ಡ್ಯಾಕ್‌ನ ಔಟ್‌ಪುಟ್ ಕಾಲಿನ ಹಿಂದೆ 3.4 ಕಿಲೋ ಓಮ್ ರೆಸಿಸ್ಟೆನ್ಸ್ ಇದೆ. ಹಲವು ಮೀಟರ್‌ಗಳು ಮೂಲ ಸ್ಥಿತಿಯಲ್ಲಿ ತಮ್ಮೊಳಗೆ 10 ಮೆಗಾ ಓಮ್ ಇಟ್ಟುಕೊಂಡಿರುತ್ತವೆ. ಹೋಲಿಸಿದರೆ ಭಾರಿ ದೊಡ್ಡದು, ಆದರೂ 10 ವೋಲ್ಟ್‌ನಲ್ಲಿ 3.4 ಮಿಲಿವೋಲ್ಟ್ ಕಡಿಮೆ ಕಾಣುತ್ತದೆ. ಸುಮಾರು 178 ಹಂತಗಳ ತಪ್ಪು, ಅಳೆಯಲು ಹೋದದ್ದರಿಂದಲೇ ಹುಟ್ಟಿದ್ದು. ಬೋರ್ಡಿನಲ್ಲಿ ಡ್ಯಾಕ್‌ಗೆ ಹೊರೆಯಾಗದೆ ಅದೇ ವೋಲ್ಟೇಜ್ ಮುಂದಕ್ಕೆ ಕೊಡುವ ಬಫರ್ ಆಪ್-ಆ್ಯಂಪ್‌ನ ನಂತರ ಅಳೆದರೆ ಅಥವಾ ಮೀಟರ್‌ನಲ್ಲಿ ಗಿಗಾ ಓಮ್‌ಗಳ ಆಯ್ಕೆ ಮಾಡಿದರೆ ಈ ತಪ್ಪು ತೊಲಗುತ್ತದೆ.

ಗೋಡೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಎಲ್ಲ ತಂತಿಗಳಲ್ಲೂ ಸೇರಿಕೊಳ್ಳುತ್ತದೆ. ಅದರ ಒಂದು ಸುತ್ತು 20 ಮಿಲಿಸೆಕೆಂಡ್. ಮೀಟರ್ ಸರಿಯಾಗಿ 20 ಮಿಲಿಸೆಕೆಂಡ್ ಅಥವಾ ಅದರ ಪೂರ್ಣ ಗುಣಕದಷ್ಟು ಹೊತ್ತು ಸರಾಸರಿ ತೆಗೆದರೆ, ಮೇಲೆ ಹೋದದ್ದು ಕೆಳಗೆ ಬಂದದ್ದಕ್ಕೆ ಸಮನಾಗಿ ಆ ಸದ್ದು ಅಳಿದುಹೋಗುತ್ತದೆ. 100 ಸುತ್ತು ಎಂದರೆ ಎರಡು ಸೆಕೆಂಡ್ ಕಾದರೆ ಓದು ಇನ್ನೂ ನಿಶ್ಚಲ. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿ ನೋಡುವುದೂ ಒಳ್ಳೆಯದು. ಯುಎಸ್‌ಬಿ ತಂತಿಯ ಗ್ರೌಂಡ್ ಮತ್ತು ಸಪ್ಲೈಯ ಗ್ರೌಂಡ್ ಸೇರಿ ಒಂದು ಬಳೆಯಾದಾಗ ಚಾರ್ಜರ್‌ನ ಗದ್ದಲವೆಲ್ಲ ಅದರಲ್ಲಿ ಹರಿಯತೊಡಗುತ್ತದೆ.

ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು ಶಾಖದ ಆಟ. ಎರಡು ಬೇರೆ ಲೋಹಗಳು ಸೇರುವಲ್ಲಿ ಶಾಖದ ವ್ಯತ್ಯಾಸವಿದ್ದರೆ ತಾನಾಗಿಯೇ ಚಿಕ್ಕ ವೋಲ್ಟೇಜ್ ಹುಟ್ಟುತ್ತದೆ. ತಾಮ್ರ ಮತ್ತು ಬೆಸುಗೆಯ ನಡುವೆ ಡಿಗ್ರಿಗೆ 1ರಿಂದ 3 ಮೈಕ್ರೋವೋಲ್ಟ್. ತಾಮ್ರ ಮತ್ತು ಕೋವಾರ್ ಎಂಬ ಮಿಶ್ರಲೋಹದ ನಡುವೆ 40ರ ಆಸುಪಾಸು. ಕಿಲುಬು ಹಿಡಿದ ತಾಮ್ರವಾದರೆ ಡಿಗ್ರಿಗೆ 1,000 ಮೈಕ್ರೋವೋಲ್ಟ್‌ವರೆಗೂ ಹೋಗಬಹುದು. ಬೆರಳಿನಿಂದ ಕನೆಕ್ಟರ್ ಮುಟ್ಟಿದರೆ ಸಾಕು, ಓದು ಕೆಲವು ಹಂತ ಸರಿದು ನಿಧಾನವಾಗಿ ಮರಳುವುದನ್ನು ಕಾಣಬಹುದು. ಆದ್ದರಿಂದ ಕನೆಕ್ಟರ್‌ಗಳನ್ನು ಉಜ್ಜಿ ಹೊಳಪು ಮಾಡಿಕೊಳ್ಳಬೇಕು, ಫ್ಯಾನ್ ಗಾಳಿ ಬೋರ್ಡಿನ ಮೇಲೆ ಬೀಳದಂತೆ ಒಂದು ರಟ್ಟಿನ ಪೆಟ್ಟಿಗೆಯನ್ನಾದರೂ ಮುಚ್ಚಬೇಕು, ಮುಟ್ಟಿದ ಮೇಲೆ ಕೆಲವು ನಿಮಿಷ ಕಾಯಬೇಕು.

ಫಲಿತಾಂಶವನ್ನು ಓದುವುದು

ಮೊದಲು ಮೂರು ಬಿಂದುಗಳು: ಕೆಳಗಿನ ತುದಿ, ನಡು, ಮೇಲಿನ ತುದಿ. ಇವು -10, 0, +10ರ ಹತ್ತಿರ ಬಂದರೆ ಜೋಡಣೆ ಸರಿಯಿದೆ. ನಂತರ ಕೆಳಗಿನಿಂದ ಮೇಲಿನವರೆಗೆ ಹಲವು ಸಂಖ್ಯೆಗಳನ್ನು ಕೊಟ್ಟು ಪ್ರತಿಯೊಂದನ್ನೂ ಅಳೆದು, ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯಿಂದ ಅವು ಎಷ್ಟು ದೂರ ಸರಿದಿವೆ ಎಂದು ನೋಡುತ್ತಾರೆ. ಇದಕ್ಕೆ ಸಮಗ್ರ ರೇಖೀಯತೆ ಎಂದು ಹೆಸರು. ಎಡಿ5791ರ ಭರವಸೆ ಒಂದು ಹಂತದ ಆಸುಪಾಸು.

ಗೆರೆಯ ಆಕಾರವೇ ತಪ್ಪಿನ ಮೂಲವನ್ನು ಸೂಚಿಸುತ್ತದೆ. ಬಿಲ್ಲಿನಂತೆ ಬಾಗಿದ್ದರೆ ರೆಫರೆನ್ಸ್‌ನ ತಂತಿಗಳನ್ನೂ ರೇಖೀಯತೆಯನ್ನು ಸರಿದೂಗಿಸುವ ಆ ನಾಲ್ಕು ಬಿಟ್‌ಗಳನ್ನೂ ನೋಡಿ. ಸಮ ಅಂತರದಲ್ಲಿ ಗರಗಸದ ಹಲ್ಲುಗಳಂತೆ ಕಂಡರೆ, ಒಳಗಿನ 63 ಭಾಗಗಳು ಸೇರುವ ಜಾಗಗಳು ಕಾಣುತ್ತಿರಬಹುದು, ಅದು ಚಿಪ್‌ನ ಸ್ವಭಾವ. ಹೊತ್ತು ಹೋದಂತೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಶಾಖ. ಶಾಖವೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲು, ಅದೇ ಸಂಖ್ಯೆಗಳನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಅಳೆಯುತ್ತಾರೆ. ಚಿಪ್‌ನ ತಪ್ಪಾದರೆ ಎರಡೂ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಶಾಖದ ತಪ್ಪು ಗಡಿಯಾರವನ್ನು ಹಿಂಬಾಲಿಸುತ್ತದೆ, ಸಂಖ್ಯೆಯನ್ನಲ್ಲ. ಕೊನೆಯದಾಗಿ ಮೀಟರ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಿ ಅಳೆಯುತ್ತಾರೆ. ಡ್ಯಾಕ್ ಕೊಟ್ಟ ವೋಲ್ಟೇಜಿನ ಚಿಹ್ನೆ ತಿರುಗುತ್ತದೆ. ಮೀಟರಿನ ಒಳಗೂ ಅದರ ಟರ್ಮಿನಲ್‌ಗಳಲ್ಲೂ ಹುಟ್ಟಿದ ಚಿಕ್ಕ ವೋಲ್ಟೇಜ್ ತಿರುಗದೆ ಹಾಗೆಯೇ ಉಳಿಯುತ್ತದೆ. ಎರಡು ಓದುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಂಡರೆ ಅದು ಲೆಕ್ಕದಿಂದ ಹೊರಬೀಳುತ್ತದೆ.